ತಲೆಯಿಲ್ಲದ ಮರದ ಎತ್ತರ

ಕಾಡು ಅಳೆಯುವ ಕಚೇರಿಯಲ್ಲಿ ಎಲ್ಲರೂ ಅವಳನ್ನು ಲೆಕ್ಕದಕ್ಕ ಎನ್ನುತ್ತಿದ್ದರು. ಕಾಂಡದ ದಪ್ಪ ಗೊತ್ತಾದರೆ ಮರದ ಎತ್ತರ ಎಷ್ಟಿರಬಹುದೆಂದು ಹೇಳುವ ಸೂತ್ರ ಕಟ್ಟುವುದು ಅವಳ ಕೆಲಸ. ಒಂದೇ ಜಾತಿಯ ನೆಡುತೋಪಾದರೆ ಅದು ಸಲೀಸು. ತಾನಾಗಿ ಬೆಳೆದ ಬೆರಕೆ ಕಾಡು ಹಾಗಲ್ಲ. ಒಂದೇ ದಪ್ಪದ ಎರಡು ಮರಗಳಲ್ಲಿ ಒಂದು ಬೆಳಕಿಗಾಗಿ ಸರ್ರನೆ ಮೇಲೇರಿರುತ್ತದೆ, ಇನ್ನೊಂದು ಗಾಳಿಗೆ ಕುಗ್ಗಿ ಕೂತಿರುತ್ತದೆ.

ಹಾಗಾಗಿಯೇ, ಹೊಸ ಅಳತೆಗಳನ್ನು ಕಂಪ್ಯೂಟರಿಗೆ ಹಾಕಿದಾಗ ಮರಕ್ಕೊಂದರಂತೆ ಮೂಡಿದ ಚುಕ್ಕಿಗಳೆಲ್ಲ ದಾರಕ್ಕೆ ಪೋಣಿಸಿದ ಮಣಿಗಳಂತೆ ಸೂತ್ರದ ಗೆರೆಯ ಮೇಲೇ ಕೂತದ್ದನ್ನು ಕಂಡು ಅವಳಿಗೆ ಅನುಮಾನ ಬಂತು. ಅಳತೆ ತಂಡದ ಮುಖ್ಯಸ್ಥ ಬೇರೆ ಯಾರೂ ಅಲ್ಲ, ಅವಳ ಅಕ್ಕನ ಗಂಡ.

ಮರುದಿನ ಜೀಪು ಹತ್ತಿ ಕಾಡಿಗೆ ಹೋದಳು. ಎಲ್ಲಕ್ಕಿಂತ ಎತ್ತರವೆಂದು ಬರೆದಿದ್ದ ಮರದ ಬುಡದಲ್ಲಿ ತಂಡದವರ ಬಣ್ಣದ ಗುರುತೇನೋ ಇತ್ತು. ಮೇಲೆ ತಲೆಯೇ ಇರಲಿಲ್ಲ. ಮುರಿದ ತುದಿ ಎಷ್ಟೋ ವರ್ಷಗಳ ಹಿಂದೆಯೇ ಬಿದ್ದು, ಅಣಬೆ ಹತ್ತಿ, ಕಾಲಿಟ್ಟರೆ ಕುಸಿಯುವಷ್ಟು ಕೊಳೆತಿತ್ತು. ಸುತ್ತ ಸಿಗರೇಟಿನ ತುಂಡುಗಳು, ಇಸ್ಪೀಟಿನ ಎಲೆಗಳು. ದಪ್ಪ ಮಾತ್ರ ಅಳೆದು, ಎತ್ತರವನ್ನು ಅವಳದೇ ಹಳೆಯ ಸೂತ್ರದಿಂದ ಲೆಕ್ಕ ಹಾಕಿ ಬರೆದಿದ್ದರು. ಅವಳ ಎಂಜಲನ್ನೇ ಅವಳಿಗೆ ಬಡಿಸಿದ್ದರು.

ಸಂಜೆ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಕೇಳಿಯೇ ಬಿಟ್ಟಳು. ಭಾವ ನಕ್ಕ.

“ಕತ್ತೆತ್ತಿ ನೋಡಿ ನೋಡಿ ಕುತ್ತಿಗೆ ಉಳುಕುತ್ತಮ್ಮ. ನಿನ್ನ ಸೂತ್ರಾನೇ ಹಾಕಿದೀವಿ, ಹೆಸರು ನಿನಗೇ. ಮರ ಬಂದು ಸಾಕ್ಷಿ ಹೇಳುತ್ತಾ?”

“ಥೂ! ತಲೆ ಇಲ್ಲದ ಮರಕ್ಕೂ ಎತ್ತರ ಬರೆದಿದೀರಲ್ಲ ಭಾವ, ನಾಚಿಕೆ ಆಗಲ್ವಾ?”

“ಮೆಲ್ಲಗೆ ಮಾತಾಡೇ,” ಎಂದು ಅಕ್ಕ ಎದ್ದು ಕಿಟಕಿ ಮುಚ್ಚಿದಳು. “ಮನೆ ಮರ್ಯಾದೆ ಬೀದಿಗೆ ತರಬೇಡ.”

ಭಾವ ಆರಾಮಾಗಿ ಬೆರಳು ಚೀಪುತ್ತಿದ್ದ. ಅವಳು ತಟ್ಟೆ ಸರಿಸಿ ಎದ್ದಳು.

ಆ ವಾರದ ಸಭೆಯಲ್ಲಿ ಕಚೇರಿಯ ಸಾಹೇಬರು ಆ ಚುಕ್ಕಿಗಳ ಚಿತ್ರ ತೋರಿಸುತ್ತ, “ನೋಡಿ, ಎಷ್ಟು ಚಂದ ಕೂತಿದೆ!” ಎಂದು ಹಿರಿಹಿರಿ ಹಿಗ್ಗುತ್ತಿದ್ದರು.

“ಸಾರ್, ಅದೆಲ್ಲ ಸುಳ್ಳು. ಎತ್ತರ ಯಾರೂ ಅಳೆದಿಲ್ಲ,” ಎಂದಳು.

ಸಾಹೇಬರ ಮುಖ ಹುಳ್ಳಗಾಯಿತು. ಸಿಟ್ಟು ಬಂದದ್ದು ಭಾವನ ಮೇಲಲ್ಲ, ಅವಳ ಮೇಲೆ. ಅದು ಅವಳಿಗೆ ಇನ್ನಷ್ಟು ಹೇಸಿಗೆ ಎನಿಸಿತು. ಆದರೆ ಎಲ್ಲರೆದುರು ಆಡಿದ ಮಾತನ್ನು ಮುಚ್ಚಿಹಾಕಲು ಬರುವಂತಿರಲಿಲ್ಲ. ಭಾವನನ್ನು ಉಗ್ರಾಣದ ಕೆಲಸಕ್ಕೆ ಹಾಕಿದರು. ಅವಳೇ ತಂಡ ಕಟ್ಟಿಕೊಂಡು, ಜಿಗಣೆ ಕಿತ್ತುಕೊಳ್ಳುತ್ತ, ಮತ್ತೆ ಅಳೆದಳು. ಈ ಸಲ ಚುಕ್ಕಿಗಳು ಚೆಲ್ಲಾಪಿಲ್ಲಿ. ಜಾತಿಗೊಂದು ಗೆರೆ ಎಳೆದು, ಪ್ರತಿಯೊಂದೂ ಎಷ್ಟು ತಪ್ಪಬಹುದೆಂಬುದನ್ನೂ ಬರೆದಳು.

“ಇದೇನಮ್ಮ, ಕಾಗೆಗೂಡು!” ಎನ್ನುತ್ತಲೇ ಸಾಹೇಬರು ಸಹಿ ಹಾಕಿದರು.

ಈಗ ಕಚೇರಿಯ ಕಾರಿಡಾರಿನಲ್ಲಿ ಎದುರಾದಾಗಲೆಲ್ಲ ಭಾವ ಹಲ್ಲುಗಿಂಜಿ, “ಏನಮ್ಮ, ಮರಗಳೆಲ್ಲ ಕ್ಷೇಮಾನಾ?” ಎನ್ನುತ್ತಾನೆ. ಅವಳು ಮುಖ ಸಿಂಡರಿಸಿ ಮೆಟ್ಟಿಲಿಳಿಯುತ್ತಾಳೆ. ಅಕ್ಕ ಮಾತು ಬಿಟ್ಟದ್ದಕ್ಕೆ ಮಾತ್ರ ಆಗಾಗ ಕರುಳು ಚುರ್ರೆನ್ನುತ್ತದೆ.