ಪ್ರಾಣಿಯೋ, ಕಾಯಿಪಲ್ಯವೋ

ನಮ್ಮವ್ವ ಮುರಿಗೆವ್ವನಿಗೆ ಹೇಸಿಗೆ ಬರದ ವಸ್ತುವನ್ನು ನಾನು ಈ ಮಾಳಮಡ್ಡಿಯಲ್ಲಿ ಕಂಡಿಲ್ಲ. ಹೋಟೆಲಿನ ಚಹಾದ ಕಪ್ಪು, ಬಸ್ಸಿನ ಸರಳು, ಬೀಗರ ಮನೆಯ ಹಾಸಿಗೆ, ಯಾರದೋ ಕೈಯಿಂದ ಬಂದ ಹರಕು ನೋಟು, ಎಲ್ಲಕ್ಕೂ "ಥೂ". ತತ್ತಿ ತಿನ್ನುವವರು ಕೂತೆದ್ದ ಕುರ್ಚಿಯನ್ನು ಮೂಗು ಮುರಿಯುತ್ತ ಒರೆಸುವಾಗ ನನಗೆ ಅವಳ ಮೇಲೆಯೇ ಹೇಸಿಗೆ ಬರುತ್ತಿತ್ತು. ಗಟಾರದ ಪಕ್ಕ ಹಾದು ಬಂದ ಪೈಪಿನದೆಂದು ನಳದ ನೀರನ್ನು ಅವಳು ಕಾಲಿಗೂ ಹಾಕಿಕೊಳ್ಳುತ್ತಿರಲಿಲ್ಲ. ಹಿತ್ತಲ ಬಾವಿಯ ನೀರು ಸೇದಿ, ಗರಗದ ಖಾದಿ ಬಟ್ಟೆಯಲ್ಲಿ ಸೋಸಿ, ಅದರಿಂದಲೇ ಲಿಂಗಪೂಜೆ. ಅಂಗೈಯ ಇಷ್ಟಲಿಂಗಕ್ಕೆ ಎರೆದ ಆ ನೀರು ಕುಡಿಯುವ ತನಕ ಊಟ ಮುಟ್ಟುವವಳಲ್ಲ. ಮದುವೆಯಾಗಿ ಬಂದಾಗಿನಿಂದ ಅದು ಒಂದು ದಿನವೂ ತಪ್ಪಿರಲಿಲ್ಲ.

ನನ್ನ ಹೆಂಡತಿ ಆರತಿ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಲ್ಯಾಬಿಗೆ ಸುಣ್ಣಬಣ್ಣ ನಡೆದಿತ್ತೆಂದು ಒಂದು ಸೂಕ್ಷ್ಮದರ್ಶಕವನ್ನು ಮನೆಗೆ ತಂದಿದ್ದಳು. ಕೆಣಕಿದವಳು ಅವ್ವನೇ.

"ಅದರಾಗ ನಿಮ್ಮ ನಳದ ನೀರ ಇಟ್ಟ ನೋಡವಾ, ಎಷ್ಟ ಹೊಲಸೈತಿ ಗೊತ್ತಾಗತೈತಿ. ಆಮ್ಯಾಲೆ ನನ್ನ ಬಾವಿ ನೀರ ನೋಡು."

ನಳದ ಹನಿಯಲ್ಲಿ ಏನೂ ಕಾಣಲಿಲ್ಲ. ಬಾವಿಯ ಹನಿಗೆ ಕಣ್ಣಿಟ್ಟ ಅವ್ವ "ಯವ್ವಾ!" ಎಂದು ಹಿಂದೆ ಸರಿದಳು. ನಾನೂ ನೋಡಿದೆ. ಯಾಕಾದರೂ ನೋಡಿದೆನೋ! ಚಪ್ಪಲಿಯ ಅಟ್ಟೆಯಂಥದ್ದೊಂದು ಮೈತುಂಬ ಕೂದಲು ಅಲ್ಲಾಡಿಸುತ್ತ ಓಡಾಡುತ್ತಿತ್ತು. ಹಸಿರಾದದ್ದೊಂದು ಬಾಲ ಬೀಸಿ ಈಜುತ್ತಿತ್ತು. ಮೂಲೆಯಲ್ಲಿ ಸಿಂಬಳದಂಥದ್ದು ತನ್ನ ಮೈಯನ್ನೇ ಕಾಲು ಮಾಡಿಕೊಂಡು ಹರಿದು, ಪಕ್ಕದ ಸಣ್ಣದೊಂದನ್ನು ಸುತ್ತುವರಿದು ನುಂಗಿತು.

ಮರುದಿನ ಅವ್ವ ಪೂಜೆಗೆ ಕೂರಲಿಲ್ಲ. ಪೂಜೆ ಇಲ್ಲವೆಂದರೆ ಊಟವೂ ಇಲ್ಲ. ಅದರ ಮರುದಿನವೂ ಅದೇ ಹಟ. ಎಪ್ಪತ್ತು ದಾಟಿದ ಜೀವ, ಮೇಲೆ ಸಕ್ಕರೆ ಕಾಯಿಲೆ. ನೀರು ಕುದಿಸಿ ಕೊಡುತ್ತೇವೆಂದರೆ "ಕುದಿಸಿದ್ರ ಅವುಗಳ ಸಾರು ಆಗತೈತಿ" ಎಂದಳು. ನಳದ ನೀರಾದರೂ ಆದೀತೇ ಎಂದರೆ, "ಔಷಧ ಹಾಕಿ ಕೊಂದಾರ. ಹೆಣದ ನೀರ ಬ್ಯಾಡ."

ಸಂಜೆ ಗೋಡೆಗೊರಗಿ ಕೂತವಳು ತಾನೇ ಕೇಳಿದಳು. "ಆರತಿ, ಒಂದ ಮಾತ ಹೇಳು. ಅವು ಪ್ರಾಣೀನೋ, ಕಾಯಿಪಲ್ಯಾನೋ? ಕಾಯಿಪಲ್ಯ ಅಂದ್ರ ಕುಡೀತೇನಿ."

ಕಾಯಿಪಲ್ಯ ಅಂದುಬಿಡು ಎಂದು ಹೆಂಡತಿಗೆ ಕಣ್ಸನ್ನೆ ಮಾಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಎರಡೂ ಅಲ್ರಿ ಅತ್ತಿ. ಪ್ರೊಟಿಸ್ಟ ಅಂತಾರ. ಮೊದಲ ಓಡಾಡೋವನ್ನ ಪ್ರಾಣಿ ಅಂದ್ರು, ಹಸರ ಇದ್ದಾವನ್ನ ಸಸ್ಯ ಅಂದ್ರು. ಹಸರಿದ್ದೂ ಓಡಾಡೋ ಯೂಗ್ಲೀನಾನ್ನ ಪ್ರಾಣಿಶಾಸ್ತ್ರದವರು, ಸಸ್ಯಶಾಸ್ತ್ರದವರು ಇಬ್ಬರೂ ನಮ್ಮದು ಅಂದ್ರು. ಜಗಳ ಹರೀಲಿಲ್ಲ, ಎಲ್ಲಾನೂ ಒಂದ ಬ್ಯಾರೆ ಗುಂಪಿಗೆ ಹಾಕಿದ್ರು. ಈಗ ಆ ಗುಂಪೂ ಖರೇ ಅಲ್ಲ ಅನ್ನಾಕತ್ತಾರ. ಒಳಗಿದ್ದಾವು ಎಲ್ಲಾ ಒಂದ ವಂಶದವಲ್ಲಂತ. ಮೂಲ್ಯಾಗ ಹರದಾಡ್ತಿತ್ತಲ್ರಿ ಅಮೀಬಾ, ಅದು ಆ ಹಸರಿನಕಿಂತ ನಮಗ ಹತ್ತಿರದ ಸಂಬಂಧ."

"ಆ ಸಿಂಬಳ ನಮ್ಮ ಬಳಗಾನ?" ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ನನಗೆ ಮೈಯೆಲ್ಲ ಉರಿಯಿತು. ಒಂದು ಹನಿಯೊಳಗೆ ಇರುವುದು ಏನೆಂದು ನೆಟ್ಟಗೆ ಹೇಳಲಾಗದ ಆ ಶಾಸ್ತ್ರಕ್ಕೂ ಥೂ. ಹೆಂಡತಿಯನ್ನು ಒಳಗೆ ಕರೆದು, "ಒಂದ ಸುಳ್ಳ ಹೇಳಿದ್ರ ನಿನ್ನ ಗಂಟೇನ ಹೋಗ್ತಿತ್ತು?" ಎಂದೆ.

"ಸುಳ್ಳ ಹೇಳಿ ಕುಡಿಸಿದ್ದು ಗೊತ್ತಾದ್ರ, ಜೀವ ಇರೂತನಕ ನನ್ನ ಕೈಲೆ ಏನೂ ತಿನ್ನೂದಿಲ್ಲ ಅವರು" ಎಂದಳು.

ಬೆಳಗಾಗುತ್ತಲೇ ಬಾವಿಯ ಗಾಲಿ ಕಿರುಗುಟ್ಟಿತು. ಹೋಗಿ ನೋಡಿದರೆ ಅವ್ವ ನೀರು ಸೇದಿ ತಂದು ಪೂಜೆಗೆ ಕೂತಿದ್ದಾಳೆ.

"ಯವ್ವಾ, ಕಾಯಿಪಲ್ಯ ಅಂತ ತಿಳಕೊಂಡಿಯೇನು?"

"ಇಲ್ಲೋ ಬಸೂ. ಹೇಸಿಗಿ ಹಂಗ ಐತಿ. ಆದ್ರ ನನ್ನ ಹೇಸಿಗಿ ಸಲುವಾಗಿ ಲಿಂಗಯ್ಯ ಯಾಕ ಒಣಗಿ ಕುಂದರಬೇಕು?"

ನೀರೆರೆದಳು. ಕಣ್ಣು ಬಿಗಿಯಾಗಿ ಮುಚ್ಚಿ, ಎರೆದದ್ದನ್ನು ಕುಡಿದಳು. ಓಕರಿಕೆ ಒತ್ತರಿಸಿ ಬಂತು. ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದಳು. ಕಣ್ಣಿಂದ ನೀರಿಳಿಯಿತು, ನುಂಗಿದ್ದನ್ನು ಮಾತ್ರ ಹೊರಗೆ ಬರಗೊಡಲಿಲ್ಲ.