ಬೀಗದಣ್ಣನ ಯಂತ್ರ

ನಮ್ಮ ಆಸ್ಪತ್ರೆಯ ಉಗ್ರಾಣ ನೋಡಿಕೊಳ್ಳುತ್ತಿದ್ದವರನ್ನು ನಾವೆಲ್ಲ ಬೀಗದಣ್ಣ ಎನ್ನುತ್ತಿದ್ದೆವು. ಸೊಂಟದಲ್ಲಿ ಹತ್ತೊಂಬತ್ತು ಕೀಲಿ. ಹತ್ತಿ ಬೇಕೆಂದರೂ ಅವರ ಮುಖ ನೋಡಬೇಕು, ಹೊದಿಕೆ ಬೇಕೆಂದರೂ ಅವರ ಮುಖವೇ. ಕಳ್ಳರಲ್ಲ. ಹದಿನೇಳು ವರ್ಷದಲ್ಲಿ ಒಂದು ಸೂಜಿಯನ್ನೂ ಮನೆಗೆ ಒಯ್ದವರಲ್ಲ. ಕಳ್ಳರಾಗಿದ್ದರೇ ವಾಸಿಯಿತ್ತು ಎಂದು ಅಲ್ಲಿ ನರ್ಸಾಗಿದ್ದ ನನಗೆ ಎಷ್ಟೋ ಸಲ ಅನ್ನಿಸಿದೆ.

ಆರು ವರ್ಷದ ಹಿಂದೆ ನಮಗೊಂದು ವೆಂಟಿಲೇಟರ್ ಬಂತು. ಉಸಿರಾಡಲಾಗದವರಿಗೆ ಉಸಿರು ಕೊಡುವ ಯಂತ್ರ. ದೊಡ್ಡಾಸ್ಪತ್ರೆ ಮೂರು ಗಂಟೆಯ ದಾರಿ. ಅಲ್ಲಿಯ ಡಾಕ್ಟರು ಫೋನಿನಲ್ಲಿ ಹೇಳಿಕೊಡುವುದು, ನಾವು ಇಲ್ಲಿ ನಡೆಸುವುದು ಎಂಬ ಏರ್ಪಾಡು. ಕಲಿಸಲು ಬಂದವರು, ತಿಂಗಳಿಗೊಮ್ಮೆ ಚಾಲು ಮಾಡಿ, ಚಾರ್ಜಿಗೆ ಹಾಕಿಡಿ ಎಂದು ಚೀಟಿ ಬರೆದುಕೊಟ್ಟರು. ಚೀಟಿ ಹಾಳಾಗಬಾರದೆಂದು ಬೀಗದಣ್ಣ ಅದನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಟೈಲರಾಗಿದ್ದ ಅವರ ಹೆಂಡತಿ, ನಮ್ಮೆಲ್ಲರ ಅತ್ತಿಗೆ, ಯಂತ್ರಕ್ಕೊಂದು ಬಿಳಿ ಗವಸು ಹೊಲಿದುಕೊಟ್ಟರು. ಪ್ರತಿ ಸೋಮವಾರ ಗವಸು ತೆಗೆದು, ಒರೆಸಿ, ಮತ್ತೆ ಹೊದಿಸುವುದು ಬೀಗದಣ್ಣನ ಕೆಲಸ. ತಪಾಸಣೆಗೆ ಬಂದವರೆಲ್ಲ ಬೆನ್ನು ತಟ್ಟಿ ಹೋದರು.

ಹೋದ ವರ್ಷ ದಮ್ಮಿನ ಕಾಯಿಲೆಯ ಕುಂಬಾರನೊಬ್ಬ ಉಸಿರಿಗಾಗಿ ಒದ್ದಾಡುತ್ತಿದ್ದಾಗ ನಾನು ಕೀಲಿ ಕೇಳಿದೆ.

"ನಿಮಗೆ ಪೂರ್ತಿ ಗೊತ್ತಿಲ್ಲ ಸಿಸ್ಟರ್. ಕೆಟ್ರೆ ಯಾರು ಹೊಣೆ? ದೊಡ್ಡಾಸ್ಪತ್ರೆಗೆ ಕಳಿಸಿ."

ಕಳಿಸಿದೆವು. ದಾರಿಯಲ್ಲೇ ಸತ್ತ. "ಅವನ ಆಯಸ್ಸು ಅಷ್ಟೇ" ಎಂದು ಬೀಗದಣ್ಣ ಊಟಕ್ಕೆ ಹೋದರು. ನಾನು ಅದನ್ನು ಮರೆತಿಲ್ಲ.

ಈ ಸಲ ಬೆಳಗ್ಗೆ ಹತ್ತಕ್ಕೆ ಅತ್ತಿಗೆಯನ್ನೇ ಹೊತ್ತು ತಂದರು. ಬಟ್ಟೆ ರಾಶಿಯಲ್ಲಿ ಹಾವಿತ್ತಂತೆ. ವಿಷಕ್ಕೆ ಮದ್ದು ಕೊಟ್ಟೆವು. ಮದ್ದು ಕೆಲಸ ಮಾಡುವವರೆಗೆ ಉಸಿರು ನಿಲ್ಲಬಾರದು. ಮುಖಕ್ಕೆ ರಬ್ಬರ್ ಚೀಲ ಹಿಡಿದು ಒತ್ತಿ ಒತ್ತಿ ಗಾಳಿ ಕೊಡತೊಡಗಿದೆ. ಯಂತ್ರಕ್ಕೆ ಹಾಕಿ ಎಂದರು ಫೋನಿನ ಡಾಕ್ಟರು. ಬೀಗದಣ್ಣನನ್ನು ಯಾರೂ ಕೇಳಬೇಕಾಗಲಿಲ್ಲ. ಹತ್ತೊಂಬತ್ತರಲ್ಲಿ ಆ ಒಂದು ಕೀಲಿ ಅವರ ಕೈಗೆ ತಾನಾಗಿ ಬಂತು.

ಗವಸಿನ ಗಂಟು ಬಿಗಿದುಕೊಂಡಿತ್ತು. ಚೀಲವನ್ನು ಆಯಾಳ ಕೈಗೆ ಕೊಟ್ಟು ನಾನು ಕತ್ತರಿ ತೆಗೆದುಕೊಂಡೆ.

"ತಡೀರಿ, ಕತ್ತರಿಸ್ಬೇಡಿ. ಅವಳು ಹೊಲಿದಿದ್ದು."

ನಾನು ಕತ್ತರಿಸಿದೆ. ಪ್ಲಗ್ಗಿಗೆ ಹಾಕಿದೆವು. ಪರದೆ ಬೆಳಗಿತು, ಒಂದು ಸಲ ಕಿರುಚಿತು, ಆರಿಹೋಯಿತು. ಬ್ಯಾಟರಿ ಉಬ್ಬಿತ್ತು, ಕೊಳವೆಗಳು ಬಿರುಕುಬಿಟ್ಟಿದ್ದವು. ಧೂಳು ಮಾತ್ರ ಒಂದು ಕಣವೂ ಇರಲಿಲ್ಲ.

"ತಿಂಗಳಿಗೊಂದ್ಸಲ ಚಾಲು ಮಾಡ್ತಿದ್ರಿ ತಾನೆ?" ಡಾಕ್ಟರು ಕೇಳಿದರು.

"ಒರೆಸ್ತಿದ್ದೆ ಸಾರ್" ಎಂದರು ಬೀಗದಣ್ಣ.

ಆಂಬುಲೆನ್ಸ್ ಬೇರೊಬ್ಬರನ್ನು ಕರೆದುಕೊಂಡು ಹೋಗಿತ್ತು. ಐದು ಗಂಟೆ ಸರದಿಯಲ್ಲಿ ಚೀಲ ಒತ್ತಿದೆವು. ಬೀಗದಣ್ಣನೂ ಒತ್ತಿದರು, ಬೆರಳು ಮರಗಟ್ಟುವವರೆಗೆ. ಆಂಬುಲೆನ್ಸ್ ಬಂತೇ ಎಂದು ಅವರು ಗೇಟಿಗೆ ಹೋದಾಗ ಅತ್ತಿಗೆಯ ಎದೆಬಡಿತ ನಿಂತಿತು.

ಹನ್ನೆರಡು ದಿನ ಬಿಟ್ಟು, ಸೋಮವಾರ, ಅವರು ಕೆಲಸಕ್ಕೆ ಬಂದರು. ಒರೆಸುವ ಬಟ್ಟೆ ಹಿಡಿದು ಯಂತ್ರದ ಮುಂದೆ ಬಂದು ನಿಂತರು.

"ಅವಳ ಗವಸು ಎಲ್ಲಿ ಸಿಸ್ಟರ್?"

"ಅತ್ತಿಗೆ ಮುಖಕ್ಕೆ ಹೊದಿಸಿದ್ದು ಅದನ್ನೇ ಅಣ್ಣ. ಅವರ ಜೊತೆಗೇ ಹೋಯ್ತು. ಬೇರೆ ಬಟ್ಟೆ ಸಿಗಲಿಲ್ಲ. ಹೊದಿಕೆ ಕಪಾಟಿನ ಕೀಲಿ ಗೇಟಿಗೆ ಹೋಗಿದ್ದ ನಿಮ್ಮ ಹತ್ರ ಇತ್ತು."

ಬೇಕೆಂದೇ ಹೇಳಿದೆ. ಹೇಳಿದ ಮೇಲೆ ಸಮಾಧಾನವೂ ಆಗಲಿಲ್ಲ. ಅವರ ಕೈ ಸೊಂಟಕ್ಕೆ ಹೋಗಿ ಕೀಲಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡಿತು. ಹತ್ತೊಂಬತ್ತೂ ಇದ್ದವು.