ಸದ್ದಿಲ್ಲದೆ ಹೊರಟ ಕಾರು

ಬೇಗಂಪೇಟೆಯ ಷೋರೂಮಿನಲ್ಲಿ ಪೆಟ್ರೋಲು, ಬ್ಯಾಟರಿ ಎರಡರಿಂದಲೂ ಓಡುವ ಹೈಬ್ರಿಡ್ ಕಾರು ಮಾರುವುದು ನನ್ನ ಕೆಲಸ. ಎಲ್ಲರೂ ಕೇಳುವುದು ಅವೇ ಮಾತು: "ಚಾರ್ಜಿಗಿ ಹಚ್ಚಬೇಕೇನ್ರಿ? ಬ್ಯಾಟರಿ ಎಷ್ಟು ವರ್ಷ ಬರ್ತೈತಿ?" ಬೀದರ್ ಕಡೆಯ ಬಟ್ಟೆ ವ್ಯಾಪಾರಿ ಶರಣಪ್ಪನವರೂ ಅದನ್ನೇ ಕೇಳಿದರು. ಹಚ್ಚಬೇಕಿಲ್ಲ, ಓಡುತ್ತಲೇ ತುಂಬಿಕೊಳ್ಳುತ್ತದೆ ಎಂದೆ.

ಕಾರು ಒಯ್ಯುವ ದಿನ ಅವರು ಪೂಜೆಗೆ ಮುಪ್ಪಿನ ಅಯ್ಯನವರೊಬ್ಬರನ್ನು ಕರೆತಂದರು. ಮಂಗಳಾರತಿಯಾದ ಮೇಲೆ ಅಯ್ಯನವರು ಗಾಲಿಯಡಿ ನಿಂಬೆಹಣ್ಣು ಇಡಲು ಕೂತರು. ನಾನು ಕಣ್ಣು ಮುಚ್ಚಿ, ಎಲ್ಲರೂ ಸುಖವಾಗಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಒಳಗೆ ಕೂತಿದ್ದ ಶರಣಪ್ಪನವರು ಬಟನ್ ಒತ್ತಿ ಗೇರು ಹಾಕಿದ್ದರು. ಎಂಜಿನ್ನಿನ ಸದ್ದಿಲ್ಲ.

"ಇದು ಚಾಲೂನ ಆಗವಲ್ದಲ್ರೀ," ಎನ್ನುತ್ತ ಬ್ರೇಕಿನಿಂದ ಕಾಲು ತೆಗೆದರು. ಕಾರು ಬ್ಯಾಟರಿಯ ಬಲದಲ್ಲೇ ಮುಂದೆ ಉರುಳಿತು. ಅಯ್ಯನವರು "ಶಿವಾ!" ಎಂದು ಚೀರಿದಾಗಲೇ ನಾನು ಕಣ್ಣು ತೆರೆದದ್ದು.

ಅಯ್ಯನವರ ಬಲಗೈಯ ನಡುವಿನ ಎರಡು ಬೆರಳು ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಅವರು ಬೈಯಲಿಲ್ಲ, ಅಳಲಿಲ್ಲ. "ಮೂರು ಬೆರಳಿಲೆ ವಿಭೂತಿ ಹಚ್ಕೋತಿದ್ದೆ, ತಮ್ಮಾ. ಇನ್ನ ಎಡಗೈಲೆ ಹಚ್ಕೊಂಡ್ರ ಶಿವ ಒಪ್ತಾನೇನು?"

"ಒಪ್ತಾನ್ರಿ, ಅಯ್ಯನವರ," ಎಂದೆ. ಅದರಲ್ಲಿ ನನಗೆ ಸಂಶಯವಿಲ್ಲ. ನನ್ನನ್ನು ಒಪ್ಪುತ್ತಾನೋ ಇಲ್ಲವೋ, ಅದು ಗೊತ್ತಿಲ್ಲ. ಸದ್ದಿನ ವಿಷಯ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಈಗ ಬ್ಯಾಟರಿಗಿಂತ ಮೊದಲು ಅದನ್ನೇ ಹೇಳುತ್ತೇನೆ: "ಹೊರಡುವಾಗ ಇದಕ್ಕ ಸಪ್ಪಳಾನ ಇರೂದಿಲ್ರಿ, ಜ್ವಾಕಿ." ಗಿರಾಕಿಗಳ ಮುಖ ಅರಳುತ್ತದೆ. "ಭಾಳ ಚಲೋ ಆತು, ನಮಗ ಅಂಥಾದ್ದ ಬೇಕಾಗಿತ್ತು," ಎನ್ನುತ್ತಾರೆ.